ಮುಂಬಯಿಯಲ್ಲಿ ಮನೆ ಕೊಳ್ಳುವಾಗ, ಮಾರುವಾಗ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಲುಂಡಿನ ಒಬ್ಬ ವಕೀಲರ ಕಚೇರಿಯಲ್ಲಿ ಮನೆಯ ಕಾಗದಪತ್ರ ನೋಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಕನ್ನಡ ಮಾತಾಡುವವಳೊಬ್ಬಳು ಅಲ್ಲಿದ್ದಾಳೆ ಎಂದು ಒಬ್ಬರಿಂದೊಬ್ಬರಿಗೆ ತಿಳಿದು ಡೊಂಬಿವಲಿ, ಭಾಂಡುಪ್, ನೆರೂಲ್, ಮೀರಾ ರೋಡ್‌ಗಳಿಂದ ನಮ್ಮವರು ಫೈಲು ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರು ಬರುವುದು ಟೋಕನ್, ಅಂದರೆ ಮುಂಗಡ ಹಣ, ಕೊಟ್ಟಾದ ಮೇಲೆ. ಅದಕ್ಕೆ ಎರಡು ದಿನ ಮೊದಲು ಬಂದಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು. ಅದಕ್ಕಾಗಿಯೇ ಇದನ್ನು ಬರೆದಿದ್ದೇನೆ.

ಊರಲ್ಲಿ ಇ.ಸಿ. ತೆಗೆಸಿ, ಖಾತಾ ನೋಡಿ ಜಾಗ ತಗೊಳ್ಳುತ್ತೇವೆ. ಇಲ್ಲಿ ಏನು ಕೇಳಬೇಕು?

ಮುಂಬಯಿಯ ಫ್ಲ್ಯಾಟಿಗೆ ಖಾತಾ ಎಂಬುದಿಲ್ಲ. ಹಳೆಯ ಸೊಸೈಟಿಗಳಲ್ಲಿ (ಕಟ್ಟಡದ ಮನೆಯವರ ಸಹಕಾರ ಸಂಘಗಳಲ್ಲಿ) ಆಸ್ತಿ ತೆರಿಗೆಯೂ ಇಡೀ ಕಟ್ಟಡಕ್ಕೆ ಒಂದೇ ಬಿಲ್ಲಾಗಿ ಬರುತ್ತದೆ. ಇ.ಸಿ.ಯ, ಅಂದರೆ ಋಣಭಾರ ಪತ್ರದ, ಬದಲು ಇಲ್ಲಿ ಸರ್ಚ್ ರಿಪೋರ್ಟ್. ವಕೀಲರ ಕಡೆಯವರು ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗಳಲ್ಲಿ ಸಾಮಾನ್ಯವಾಗಿ 30 ವರ್ಷ ಹಿಂದಿನವರೆಗೂ ಹುಡುಕಿ, ಸಿಕ್ಕಿದ್ದನ್ನು ಬರೆದುಕೊಡುತ್ತಾರೆ. ನೋಂದಣಿಯಾದ ಪ್ರತಿ ಅಗ್ರಿಮೆಂಟಿಗೂ (ಮಾರಾಟದ ಕರಾರಿಗೂ) ‘ಇಂಡೆಕ್ಸ್ ಟು’ ಎಂಬ ಮರಾಠಿ ಸಾರಾಂಶ ಇರುತ್ತದೆ: ಯಾರು ಯಾರಿಗೆ ಕೊಟ್ಟರು, ಎಷ್ಟಕ್ಕೆ, ಯಾವ ಫ್ಲ್ಯಾಟು, ಎಷ್ಟು ಸ್ಟಾಂಪ್ ಡ್ಯೂಟಿ ಕಟ್ಟಿದರು.

ಎರಡನೆಯದು ಸೊಸೈಟಿಯ ಶೇರ್ ಸರ್ಟಿಫಿಕೇಟ್. ಸಾಮಾನ್ಯವಾಗಿ ₹50ರ ಹತ್ತು ಶೇರು, ಒಟ್ಟು ₹500. ಜನ ಅದರ ಮುಂಭಾಗ ನೋಡಿ ಮಡಚಿಡುತ್ತಾರೆ. ಕಥೆ ಇರುವುದು ಹಿಂಭಾಗದಲ್ಲಿ. ಅಲ್ಲಿ ಗೆರೆ ಹಾಕಿದ ಅಂಕಣಗಳಲ್ಲಿ ಒಬ್ಬರಿಂದೊಬ್ಬರಿಗೆ ವರ್ಗವಾದ ಹೆಸರು, ತಾರೀಖು, ಚೇರ್ಮನ್ ಮತ್ತು ಸೆಕ್ರೆಟರಿಯ ಸಹಿ ಇರುತ್ತದೆ. ಆ ಹೆಸರುಗಳು ಅಗ್ರಿಮೆಂಟುಗಳ ಹೆಸರಿನೊಂದಿಗೆ ಸಾಲಾಗಿ ಹೊಂದಬೇಕು. ಮೂರನೆಯದು ನೆಲದ ದಾಖಲೆ: ನಗರ ಭಾಗದಲ್ಲಿ ಪ್ರಾಪರ್ಟಿ ಕಾರ್ಡ್, ಹೊರವಲಯದಲ್ಲಿ 7/12, ಅಂದರೆ ಸಾತ್‌ಬಾರಾ.

ಇವೆಲ್ಲದರ ಮೂಲ ಪ್ರತಿಯನ್ನೇ ನೋಡಿ. ಮಾರುವವರು ಜೆರಾಕ್ಸ್ ಮಾತ್ರ ತೋರಿಸುತ್ತಿದ್ದರೆ ಮೂಲ ಪ್ರತಿ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಅದು ಬ್ಯಾಂಕಿನಲ್ಲಿ ಅಡವಿರಬಹುದು, ಅಂಥ ಅಡವು ರಿಜಿಸ್ಟ್ರಾರ್ ದಾಖಲೆಯಲ್ಲಿ ಕಾಣದೆಯೂ ಹೋಗಬಹುದು. ಬ್ಯಾಂಕುಗಳು ಅಡವನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲೂ ಹುಡುಕಿಸಿ.

ಚೈನ್ ಅಗ್ರಿಮೆಂಟ್ ಅಂದರೇನು? ನಡುವಿನದೊಂದು ಕಳೆದುಹೋಗಿದ್ದರೆ?

ಬಿಲ್ಡರ್ ಮೊದಲನೆಯವರಿಗೆ ಮಾರಿದ, ಅವರು ಎರಡನೆಯವರಿಗೆ, ಅವರು ನಿಮಗೆ. ಈ ಸರಪಳಿಯ ಒಂದೊಂದು ಕೊಂಡಿಯೂ ಒಂದು ಅಗ್ರಿಮೆಂಟು. ಒಂದು ಕೊಂಡಿ ಇಲ್ಲದಿದ್ದರೂ ಬ್ಯಾಂಕು ಸಾಲ ಕೊಡಲು ಹಿಂದೇಟು ಹಾಕುತ್ತದೆ. ಇದನ್ನು ನಾನು ಕಲಿತದ್ದು ನಮ್ಮ ಮನೆಯಿಂದಲೇ.

ಕಲೀನಾದಲ್ಲಿ ನಮ್ಮದು ತಳಮಹಡಿಯ ಮನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಗೋದ್ರೆಜ್ ಕಪಾಟಿನ ಕೆಳಗಿನ ಖಾನೆಯಲ್ಲಿ, ಅಮ್ಮನ ಮದುವೆ ಸೀರೆಯ ಅಡಿಯಲ್ಲಿ ಅಪ್ಪ ಇಟ್ಟಿದ್ದ ಫೈಲು ಎರಡು ದಿನ ನೀರಲ್ಲಿತ್ತು. ತೆಗೆದಾಗ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು, ಶಾಯಿ ನೀಲಿ ಮೋಡದ ಹಾಗೆ ಹರಡಿತ್ತು. ನಾಲ್ಕು ವರ್ಷದ ಬಳಿಕ ಮನೆ ಮಾರಲು ಹೊರಟಾಗ ಕೊಳ್ಳುವವರ ಬ್ಯಾಂಕು ಕೇಳಿದ್ದು ಅದನ್ನೇ. ಅಪ್ಪನ 1987ರ ಅಗ್ರಿಮೆಂಟು ನೋಂದಣಿಯಾಗಿತ್ತು, ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಕ್ಕಿತು. ಬಿಲ್ಡರ್ ಮತ್ತು ಮೊದಲ ಮಾಲೀಕರ ನಡುವಿನ 1981ರದು ನೋಂದಣಿಯಾಗಿರಲೇ ಇಲ್ಲ, ಆದ್ದರಿಂದ ಸರಕಾರದಲ್ಲಿ ಅದರ ಪ್ರತಿಯೂ ಇರಲಿಲ್ಲ. ಕೊನೆಗೆ ಅದರ ಜೆರಾಕ್ಸ್ ಸಿಕ್ಕಿದ್ದು ಮೂರನೇ ಮಹಡಿಯ ಸೆಕ್ರೆಟರಿ ಮನೆಯಲ್ಲಿದ್ದ ಸೊಸೈಟಿ ಕಡತದಲ್ಲಿ.

ಆಗ ನಾವು ಮಾಡಿದ್ದನ್ನೇ ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಕಾಗದ ಕಳೆದುಹೋಗಿದೆಯೆಂದು ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ವಕೀಲರ ಮೂಲಕ ಒಂದು ಇಂಗ್ಲಿಷ್, ಒಂದು ಮರಾಠಿ ಪತ್ರಿಕೆಯಲ್ಲಿ ಜಾಹೀರು ನೋಟೀಸು ಹಾಕಿಸಿ, ಆಕ್ಷೇಪಣೆಗೆ ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಆಮೇಲೆ ಅಫಿಡವಿಟ್, ಹಾನಿಯಾದರೆ ಹೊಣೆ ತಮ್ಮದೆಂದು ಮಾರುವವರು ಬರೆದುಕೊಡುವ ಪತ್ರ. ನಮಗೆ ಐದು ತಿಂಗಳು ಹಿಡಿಯಿತು, ಅಷ್ಟರಲ್ಲಿ ಮೊದಲು ಒಪ್ಪಿದ್ದ ಗಿರಾಕಿ ಬೇರೆ ಮನೆ ನೋಡಿಕೊಂಡಿದ್ದರು.

ಹಳೆಯ ಕೊಂಡಿಗಳಲ್ಲಿ ಇನ್ನೊಂದನ್ನು ಗಮನಿಸಿ. 1985ರ ಡಿಸೆಂಬರ್ 10ಕ್ಕೂ ಮೊದಲಿನ ಅಗ್ರಿಮೆಂಟುಗಳು ₹5ರ ಸ್ಟಾಂಪ್ ಕಾಗದದ ಮೇಲೆ ಆಗುತ್ತಿದ್ದವು, ಅದು ಆಗಿನ ಕಾನೂನಿಗೆ ಸರಿಯೇ. ನಂತರದವಕ್ಕೆ ಪೂರ್ತಿ ಸ್ಟಾಂಪ್ ಡ್ಯೂಟಿ ಬೀಳುತ್ತದೆ. ಕಟ್ಟದೆ ಬಿಟ್ಟಿದ್ದರೆ ಬಾಕಿಯ ಮೇಲೆ ತಿಂಗಳಿಗೆ 2% ದಂಡ ಸೇರುತ್ತದೆ. ಅದನ್ನು ಮಾರುವವರೇ ಕಟ್ಟಬೇಕೆಂದು ಮಾತು ಮುಗಿಸುವ ಮೊದಲೇ ಬರೆಸಿಕೊಳ್ಳಿ.

ಟೋಕನ್ ಎಷ್ಟು ಕೊಡಬಹುದು? ಮಾರುವವರು ನಮ್ಮ ಊರಿನವರೇ.

ಊರಿನವರಾದರೂ ಚೆಕ್ಕಿನಲ್ಲೇ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಒಂದು ಪುಟದ ಪತ್ರವಾದರೂ ಇರಲಿ: ಎಷ್ಟಕ್ಕೆ ಒಪ್ಪಿದ್ದು, ಎಷ್ಟು ದಿನದಲ್ಲಿ ಅಗ್ರಿಮೆಂಟು, ಕಾಗದದಲ್ಲಿ ದೋಷ ಕಂಡರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಟೋಕನ್ ಹಿಂದಿರುಗಿಸಬೇಕು ಎಂಬುದು. ಈ ಕೊನೆಯ ಸಾಲು ಬಿಟ್ಟುಹೋಗಿ ಲಕ್ಷಾಂತರ ಕಳಕೊಂಡವರು ನನ್ನ ಮೇಜಿನ ಮುಂದೆ ಕೂತು ಅತ್ತಿದ್ದಾರೆ. ‘ನಮ್ಮವರೇ ಅಲ್ವಾ, ಕೇಳೋದು ಹೇಗೆ ಅಂತ ಸುಮ್ಮನಿದ್ದೆ ಅಕ್ಕಾ’ ಎನ್ನುತ್ತಾರೆ. ನಮ್ಮವರಾದ್ದರಿಂದಲೇ ಬರೆಸಿಕೊಳ್ಳಿ, ನಾಳೆ ಸಂಬಂಧವೂ ಉಳಿಯುತ್ತದೆ.

ಬಿಲ್ಡರಿಂದ ಕೊಳ್ಳುವುದಾದರೆ, ಬಿಲ್ಡರುಗಳನ್ನು ಹದ್ದಿನಲ್ಲಿಡುವ ರೇರಾ ಕಾಯ್ದೆಯಂತೆ ಅಗ್ರಿಮೆಂಟು ನೋಂದಣಿಯಾಗುವ ಮೊದಲು ಅವರು ಬೆಲೆಯ 10%ಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ.

ಹೊಸ ಪ್ರಾಜೆಕ್ಟು, ಮಹಾರೇರಾ ನಂಬರ್ ಇದೆ. ಸಾಕಲ್ಲವೇ?

ಸಾಲದು. ಮಹಾರೇರಾ ಎಂದರೆ ರೇರಾ ಕಾಯ್ದೆಯಡಿ ಪ್ರಾಜೆಕ್ಟುಗಳನ್ನು ನೋಂದಾಯಿಸುವ ಮಹಾರಾಷ್ಟ್ರದ ಸಂಸ್ಥೆ, ಅಷ್ಟೇ. ಡೊಂಬಿವಲಿಯ ನಮ್ಮ ಜನಕ್ಕೆ ಇದನ್ನು ಒತ್ತಿ ಹೇಳಬೇಕಾಗಿದೆ. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆ ವ್ಯಾಪ್ತಿಯ 65 ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು ಆದೇಶಿಸಿತು. ಪಾಲಿಕೆಯದೆಂದು ನಕಲಿ ಪರವಾನಗಿ ಸೃಷ್ಟಿಸಿ, ಅದನ್ನೇ ತೋರಿಸಿ ರೇರಾ ನೋಂದಣಿ ಪಡೆದಿದ್ದ ಕಟ್ಟಡಗಳವು. ಅಲ್ಲಿ ಮನೆ ಕೊಂಡವರಿಗೆ ಬ್ಯಾಂಕುಗಳೂ ಸಾಲ ಕೊಟ್ಟಿದ್ದವು. ರೇರಾ ನಂಬರ್, ಬ್ಯಾಂಕಿನ ಒಪ್ಪಿಗೆ ಎರಡೂ ಇದ್ದೂ ಮನೆ ಅಕ್ರಮವೇ ಆಗಿತ್ತು.

ಹಾಗಾಗಿ ಮಹಾರೇರಾ ಜಾಲತಾಣದಲ್ಲಿ ಹಾಕಿರುವ ಪರವಾನಗಿ ಪತ್ರದ ನಂಬರು, ತಾರೀಖು ಬರೆದುಕೊಂಡು ಪಾಲಿಕೆಯ ನಗರ ರಚನಾ ವಿಭಾಗಕ್ಕೇ ಹೋಗಿ ತಾಳೆ ನೋಡಿ. ಒಂದು ದಿನದ ರಜೆ ಹಾಕಿದರೆ ಆಗುವ ಕೆಲಸ.

ಮುಂಬಯಿ ಪಾಲಿಕೆಯ ಕಾಗದಗಳಲ್ಲಿ ಎರಡು ಹೆಸರು ಕೇಳುತ್ತೀರಿ. ಒಂದು ಐಓಡಿ, ಅಂದರೆ ಇಂಟಿಮೇಷನ್ ಆಫ್ ಡಿಸಪ್ರೂವಲ್. ಪದಶಃ ನೋಡಿದರೆ ನಾಮಂಜೂರಿಯ ತಿಳಿವಳಿಕೆ ಎಂದಾಗುತ್ತದೆ, ನಿಜಕ್ಕೂ ಅದು ಷರತ್ತಿನ ಮೇಲೆ ಕೊಡುವ ನಕ್ಷೆ ಮಂಜೂರಿ. ಇನ್ನೊಂದು ಸಿಸಿ. ಬೆಂಗಳೂರಿನ ಕಡೆ ಸಿಸಿ ಎಂದರೆ ಕೆಲಸ ಮುಗಿದ ಪತ್ರ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಅದು ಕೆಲಸ ಶುರುಮಾಡುವ ಅಪ್ಪಣೆ. ಅದನ್ನೂ ಮೊದಲು ಪ್ಲಿಂತ್‌ವರೆಗೆ (ತಳಪಾಯದ ಮಟ್ಟದವರೆಗೆ), ಆಮೇಲೆ ಮಹಡಿಗಳಿಗೆ ಎಂದು ಹಂತ ಹಂತವಾಗಿ ಕೊಡುತ್ತಾರೆ. ನೀವು ಕೊಳ್ಳುವುದು ಹನ್ನೆರಡನೇ ಮಹಡಿ, ಸಿಸಿ ಇರುವುದು ಎಂಟರವರೆಗೆ ಮಾತ್ರ ಎಂದರೆ ನಿಮ್ಮ ಮನೆಗೆ ಇನ್ನೂ ಅಪ್ಪಣೆಯೇ ಇಲ್ಲ.

ಓಸಿ ಇಲ್ಲದ ಕಟ್ಟಡದಲ್ಲಿ ಮನೆ ಕಡಿಮೆಗೆ ಸಿಗುತ್ತಿದೆ.

ಓಸಿ ಎಂದರೆ ವಾಸಕ್ಕೆ ಯೋಗ್ಯವೆಂಬ ಪಾಲಿಕೆಯ ಪತ್ರ. ಅದಿಲ್ಲದೆ ಜನ ಹತ್ತಾರು ವರ್ಷ ಬದುಕಿದ್ದಾರೆ, ನಿಜ. ವರಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿಯೂ ಬದುಕಿದ್ದರು. ಮಂಜೂರಾತಿ ಮೀರಿ ಕಟ್ಟಿದ್ದ ಮಹಡಿಗಳು ಅಕ್ರಮವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, 2014ರಲ್ಲಿ ಆ ಮನೆಗಳವರು ಹೊರಬರಬೇಕಾಯಿತು. ಓಸಿ ಯಾಕೆ ಬಂದಿಲ್ಲ ಎಂದು ಪಾಲಿಕೆಯಲ್ಲಿ ವಿಚಾರಿಸಿ. ಕೇವಲ ಶುಲ್ಕ ಬಾಕಿಯೋ, ಹೆಚ್ಚುವರಿ ಮಹಡಿಯೋ ಎಂಬುದರ ಮೇಲೆ ನಿಂತಿದೆ. ಎರಡನೆಯದಾದರೆ ನನ್ನ ಸ್ವಂತ ತಮ್ಮನಿಗೂ ಬೇಡವೆನ್ನುತ್ತೇನೆ.

ಓಸಿ ಬರುವ ಮೊದಲು ಬಿಲ್ಡರಿಂದ ಕೊಂಡರೆ 5% ಜಿಎಸ್‌ಟಿ ಇದೆ, ₹45 ಲಕ್ಷದೊಳಗಿನ ಸಣ್ಣ ಮನೆಗಳಿಗೆ 1%. ಓಸಿ ಬಂದ ಮೇಲೆ ಕೊಂಡರೆ, ಅಥವಾ ರೀಸೇಲ್ ಮನೆಯಾದರೆ ಜಿಎಸ್‌ಟಿ ಇಲ್ಲ.

ಬೆಲೆ ಬಿಟ್ಟು ಮೇಲಿನ ಖರ್ಚು ಎಷ್ಟಾಗುತ್ತದೆ?

ದೊಡ್ಡದು ಸ್ಟಾಂಪ್ ಡ್ಯೂಟಿ. ಮುಂಬಯಿ ಪಾಲಿಕೆ ವ್ಯಾಪ್ತಿಯಲ್ಲಿ ಮೆಟ್ರೋ ಸೆಸ್ ಸೇರಿ 6%. ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ, ಪುಣೆಗಳಲ್ಲಿ 7%. ಮುಲುಂಡ್ ಚೆಕ್‌ನಾಕಾದ ಈಚೆಗೆ ₹90 ಲಕ್ಷದ ಮನೆಗೆ ₹5.40 ಲಕ್ಷ, ಅದೇ ಬೆಲೆಯ ಮನೆ ನಾಕಾ ದಾಟಿ ಠಾಣೆಯಲ್ಲಾದರೆ ₹6.30 ಲಕ್ಷ. ನೋಂದಣಿ ಶುಲ್ಕ 1%, ಆದರೆ ₹30,000ಕ್ಕಿಂತ ಹೆಚ್ಚಿಲ್ಲ. ವಕೀಲರ ಮತ್ತು ಬ್ರೋಕರ್ ಶುಲ್ಕ ಬೇರೆ.

ಮನೆ ಹೆಂಗಸಿನ ಹೆಸರಿಗಷ್ಟೇ ಆದರೆ 1% ಕಡಿಮೆ, 2021ರ ಏಪ್ರಿಲ್‌ನಿಂದ ಈ ರಿಯಾಯಿತಿ ಇದೆ. ಗಂಡಹೆಂಡತಿ ಜಂಟಿಯಾಗಿ ಕೊಂಡರೆ ಸಿಗುವುದಿಲ್ಲ. ಮೇಲಿನ ಮುಲುಂಡಿನ ಮನೆಯಲ್ಲಿ ಹೆಂಡತಿಯ ಹೆಸರೊಂದೇ ಹಾಕಿದರೆ ₹90,000 ಉಳಿಯುತ್ತದೆ. ಇದನ್ನು ಹೇಳಿದಾಗ ಕೆಲವು ಗಂಡಸರು ಯೋಚನೆಗೆ ಬೀಳುತ್ತಾರೆ. ಜೀವಮಾನವಿಡೀ ಮನೆ ನಡೆಸಿದವಳ ಹೆಸರಿನಲ್ಲಿ ಮನೆ ಇರಲಿ ಎಂದೇ ನಾನು ಹೇಳುವುದು.

ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿದರೆ ಡ್ಯೂಟಿ ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ. ಸರಕಾರದ ರೆಡಿ ರೆಕನರ್ ದರ (ಆಯಾ ಜಾಗಕ್ಕೆ ಸರಕಾರ ಗೊತ್ತುಮಾಡಿದ ಬೆಲೆ) ಮತ್ತು ನಿಮ್ಮ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಡ್ಯೂಟಿ.

ರಿಜಿಸ್ಟ್ರೇಷನ್ ದಿನ ಏನೇನು ಆಗುತ್ತದೆ?

ಡ್ಯೂಟಿಯನ್ನು ಮೊದಲೇ ಆನ್‌ಲೈನ್ ಚಲನ್ ಮೂಲಕ ಕಟ್ಟಿ, ವಿವರಗಳನ್ನು ಇಲಾಖೆಯ ಜಾಲತಾಣದಲ್ಲಿ ತುಂಬಿ ಹೋಗಬೇಕು. ಕಚೇರಿಯಲ್ಲಿ ಟೋಕನ್ ನಂಬರು. ಸರದಿ ಬಂದಾಗ ಕೊಳ್ಳುವವರು, ಮಾರುವವರು, ಗುರುತಿಸುವ ಇಬ್ಬರು ಸಾಕ್ಷಿಗಳು ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಕೂರಬೇಕು, ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ನಲವತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದ ನಮ್ಮ ಹಿರಿಯರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಮತ್ತೆ ಮತ್ತೆ ಬೇಡವೆನ್ನುತ್ತದೆ. ಬೆರಳಿಗೆ ತುಸು ವ್ಯಾಸಲೀನ್ ಸವರಿ ಒರೆಸಿಕೊಂಡು ಒತ್ತಿದರೆ ಬಹಳ ಸಲ ಹಿಡಿಯುತ್ತದೆ. ಅವಸರಪಡಿಸಬೇಡಿ, ಅವರಿಗೆ ಅವಮಾನವಾದಂತಾಗುತ್ತದೆ.

ಕೈಗೆ ಇಂಡೆಕ್ಸ್ ಟು ಬಂದ ಕೂಡಲೇ ಅಲ್ಲೇ ನಿಂತು ಓದಿ. ಮರಾಠಿ ಓದಲು ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಹೆಸರುಗಳು ದೇವನಾಗರಿಗೆ ಹೋಗುವಾಗ ಕೆಡುತ್ತವೆ: ಶೆಟ್ಟಿಗಾರ್ ಶೆಟ್ಟಿ ಆಗುತ್ತಾರೆ, ಹೆಬ್ಬಾರ್ ಹೇಬರ್ ಆಗುತ್ತಾರೆ. ಮನೆ ನಂಬರು, ಮಹಡಿ, ಚದರಡಿ ಎಲ್ಲ ತಾಳೆ ನೋಡಿ. ನಂತರ ಸರಿಪಡಿಸಬೇಕಾದರೆ ಮಾರಿದವರನ್ನೇ ಮತ್ತೆ ಕರೆಸಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಅಷ್ಟರಲ್ಲಿ ಅವರು ಊರು ಸೇರಿರುತ್ತಾರೆ.

ಸಹಿ ಮಾಡಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಒಪ್ಪಿಸಬೇಕು. ಆಮೇಲೆ ಇನ್ನು ನಾಲ್ಕು ತಿಂಗಳು ದಂಡ ಕಟ್ಟಿ ಅವಕಾಶವಿದೆ.

ಸೊಸೈಟಿಯವರು ಎನ್‌ಓಸಿಗೆ ಲಕ್ಷಗಟ್ಟಲೆ ‘ಡೊನೇಶನ್’ ಕೇಳುತ್ತಿದ್ದಾರೆ.

ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಮನೆ ವರ್ಗಾಯಿಸಲು ಸೊಸೈಟಿಯ ಎನ್‌ಓಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕಡ್ಡಾಯವಲ್ಲ. ಬ್ಯಾಂಕುಗಳು ಕೇಳುವುದರಿಂದ ಬೇಕಾಗುತ್ತದೆ ಅಷ್ಟೇ. ಪಾಲಿಕೆ ವ್ಯಾಪ್ತಿಯಲ್ಲಿ ವರ್ಗಾವಣೆ ಪ್ರೀಮಿಯಂ ಹೆಚ್ಚೆಂದರೆ ₹25,000, ಜೊತೆಗೆ ವರ್ಗಾವಣೆ ಶುಲ್ಕ ₹500, ಪ್ರವೇಶ ಶುಲ್ಕ ₹100. ಕುಟುಂಬದೊಳಗೆ ವರ್ಗವಾದರೆ ಪ್ರೀಮಿಯಂ ಇಲ್ಲ. ಬೇರೆ ಹೆಸರಿನಲ್ಲಿ ಹೆಚ್ಚು ಕೇಳಿದರೆ ಲಿಖಿತದಲ್ಲಿ ಕೊಡಿ ಎನ್ನಿ, ಅಷ್ಟಕ್ಕೇ ಬಹಳ ಕಡೆ ಮಾತು ನಿಲ್ಲುತ್ತದೆ. ನಿಲ್ಲದಿದ್ದರೆ ಸಹಕಾರ ಸಂಘಗಳ ಉಪನಿಬಂಧಕರಿಗೆ ದೂರು.

ಅದೇ ಹೊತ್ತಿಗೆ ಸೊಸೈಟಿಯ ಹೆಸರಿಗೆ ನೆಲದ ಕನ್ವೇಯನ್ಸ್, ಅಂದರೆ ಮಾಲೀಕತ್ವದ ವರ್ಗಾವಣೆ, ಆಗಿದೆಯೇ ಎಂದೂ ಕೇಳಿ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಮನೆಗಳು ಜನರದು, ನೆಲ ಈಗಲೂ ಬಿಲ್ಡರನ ಅಥವಾ ಮೂಲ ಜಮೀನುದಾರರ ಹೆಸರಲ್ಲೇ. ಕಟ್ಟಡ ಮರುನಿರ್ಮಾಣಕ್ಕೆ ಹೋದಾಗ ಇದು ಎದ್ದು ನಿಲ್ಲುತ್ತದೆ. ಬಿಲ್ಡರ್ ಸಹಿ ಹಾಕದಿದ್ದರೂ ಉಪನಿಬಂಧಕರ ಮೂಲಕ ಡೀಮ್ಡ್ ಕನ್ವೇಯನ್ಸ್ ಪಡೆಯುವ ದಾರಿ 2008ರ ತಿದ್ದುಪಡಿಯಿಂದ ತೆರೆದಿದೆ.

ಮ್ಹಾಡಾ, ಎಸ್‌ಆರ್‌ಎ, ಸಿಡ್ಕೋ ಮನೆಗಳು?

ಮ್ಹಾಡಾ ಸರಕಾರದ ಗೃಹನಿರ್ಮಾಣ ಸಂಸ್ಥೆ, ಎಸ್‌ಆರ್‌ಎ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ, ಸಿಡ್ಕೋ ನವಿ ಮುಂಬಯಿಯ ನಗರಾಭಿವೃದ್ಧಿ ಸಂಸ್ಥೆ. ಪ್ರತಿಯೊಂದಕ್ಕೂ ಅದರದೇ ಸಂಸ್ಥೆಯ ಒಪ್ಪಿಗೆ ಬೇಕು. ಮ್ಹಾಡಾ ಲಾಟರಿಯ ಮನೆ, ಎಸ್‌ಆರ್‌ಎ ಮನೆಗಳನ್ನು ನಿಗದಿತ ವರ್ಷ ಮುಗಿಯದೆ ಮಾರುವಂತಿಲ್ಲ. ‘ಈಗ ಪವರ್ ಆಫ್ ಅಟಾರ್ನಿ ಮಾಡಿಕೊಳ್ಳಿ, ಆಮೇಲೆ ಹೆಸರಿಗೆ ಮಾಡೋಣ’ ಎಂದವರನ್ನು ನಂಬಬೇಡಿ. ಪವರ್ ಆಫ್ ಅಟಾರ್ನಿಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟಪಡಿಸಿದೆ. ನವಿ ಮುಂಬಯಿಯಲ್ಲಿ ಸಿಡ್ಕೋ ನೆಲ ಸಾಮಾನ್ಯವಾಗಿ 60 ವರ್ಷದ ಲೀಸು, ವರ್ಗಾವಣೆಗೆ ಸಿಡ್ಕೋ ಶುಲ್ಕವಿದೆ.

ಅಪ್ಪ ತೀರಿಕೊಂಡರು. ಸೊಸೈಟಿಯಲ್ಲಿ ನಾಮಿನಿ ನಾನೇ. ಮಾರಬಹುದೇ?

ನಾಮಿನಿ ಎಂದರೆ ಮಾಲೀಕರಲ್ಲ, ವಾರಸುದಾರರ ಪರವಾಗಿ ಮನೆಯನ್ನು ನೋಡಿಕೊಳ್ಳುವವರು. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಮನೆ, ವಿಲ್ ಬರೆದಿಲ್ಲ ಎಂದಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡು ಹೆಣ್ಣು ಎಲ್ಲ ಮಕ್ಕಳು, ಮತ್ತು ಅಪ್ಪನ ತಾಯಿ ಬದುಕಿದ್ದರೆ ಆಕೆಗೂ ಸಮಪಾಲು. ಈ ಕೊನೆಯವರನ್ನು ನಮ್ಮವರು ಮರೆಯುತ್ತಾರೆ. ಮುಂಬಯಿ ಮನೆಗೂ ಊರಿನ ಅಜ್ಜಿಗೂ ಏನು ಸಂಬಂಧ ಎನ್ನುತ್ತಾರೆ. ಕಾರ್ಕಳದ ಹಳ್ಳಿಯಲ್ಲಿ ಕೂತ ಆ ಅಜ್ಜಿಗೆ ಮಗನ ಮನೆಯಲ್ಲಿ ಪಾಲಿದೆ. ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಇದೆ.

ಅವರೆಲ್ಲ ಒಪ್ಪಿ ಒಬ್ಬರ ಹೆಸರಿಗೆ ಮಾಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು, ಇಲ್ಲವೇ ಎಲ್ಲರೂ ಸೇರಿಯೇ ಮಾರಬೇಕು. ಕೊಳ್ಳುವವರೂ ಅಷ್ಟೇ: ವಾರಸುದಾರರಿಂದ ಕೊಳ್ಳುವಾಗ ಮನೆತನದ ಪಟ್ಟಿ ಕೇಳಿ, ಪ್ರತಿ ಹೆಸರಿನ ಎದುರು ಸಹಿ ನೋಡಿ.

ಮನೆಯ ಮೇಲೆ ನಮ್ಮ ಸಾಲ ಇನ್ನೂ ಇದೆ. ಮಾರುವುದು ಹೇಗೆ?

ಬ್ಯಾಂಕಿನಿಂದ ಎರಡು ಪತ್ರ ತನ್ನಿ: ಒಟ್ಟು ಬಾಕಿ ಎಷ್ಟೆಂಬುದು, ಅವರ ಬಳಿಯಿರುವ ಮೂಲ ಕಾಗದಗಳ ಪಟ್ಟಿ. ಕೊಳ್ಳುವವರ ಬ್ಯಾಂಕು ಸಾಲದ ಮೊತ್ತವನ್ನು ನೇರ ನಿಮ್ಮ ಬ್ಯಾಂಕಿಗೆ ಕಟ್ಟುತ್ತದೆ, ಮಿಕ್ಕದ್ದು ನಿಮಗೆ. ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ಹಿಂದಿರುಗಿಸಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, 2023ರ ಡಿಸೆಂಬರ್ 1ರಿಂದ.

ಮಾರಿದ ದುಡ್ಡಿನಲ್ಲಿ ಕುಂದಾಪುರದಲ್ಲಿ ಮನೆ ಕಟ್ಟಿಸುತ್ತೇವೆ. ತೆರಿಗೆ ಬರುತ್ತದೆಯೇ?

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯಾದರೆ ಲಾಭದ ಮೇಲೆ 12.5% ತೆರಿಗೆ. 2024ರ ಜುಲೈ 23ಕ್ಕೂ ಮೊದಲು ಕೊಂಡದ್ದಾದರೆ ಹಣದುಬ್ಬರ ಲೆಕ್ಕ ಹಾಕಿ 20%, ಹಾಕದೆ 12.5%, ಯಾವುದು ಕಡಿಮೆಯೋ ಅದು. ಇದು ಭಾರತದಲ್ಲಿ ವಾಸವಿರುವವರಿಗೆ.

ಲಾಭದ ಮೊತ್ತವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಸಿಗುತ್ತದೆ. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷದೊಳಗೆ ಮುಗಿಯಬೇಕು. ಊರಿಗೆ ಮರಳುವವರು ಎಡವುವುದು ಇಲ್ಲಿ. ಬರೀ ಸೈಟು ಕೊಂಡು ಬಿಟ್ಟರೆ ವಿನಾಯಿತಿ ಇಲ್ಲ. ಗದ್ದೆ ತೋಟ ಕೊಂಡರೂ ಇಲ್ಲ. ಸೈಟು ಕೊಂಡು ಮೂರು ವರ್ಷದೊಳಗೆ ಅಲ್ಲಿ ಮನೆ ಎದ್ದರೆ ಸೈಟಿನ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದ ಲಾಭವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲಿಟ್ಟರೆ ಆಗದು.

ಬೆಲೆ ₹50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು 1% ಟಿಡಿಎಸ್ ಹಿಡಿದು ಮಾರುವವರ ಪ್ಯಾನ್ ಮೇಲೆ ಕಟ್ಟುತ್ತಾರೆ. ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟಿರಬೇಕು. ಮಾರುವವರು ಗಲ್ಫ್‌ನಲ್ಲೋ ಬೇರೆಲ್ಲೋ ನೆಲೆಸಿದ ಅನಿವಾಸಿಯಾದರೆ ಈ 1% ಲೆಕ್ಕ ನಡೆಯದು, ದರ ಬಹಳ ಹೆಚ್ಚು. ತಪ್ಪಿದರೆ ಹೊಣೆ ಕೊಂಡವರ ತಲೆಗೆ. ಅಂಥಲ್ಲಿ ಸಿಎ ಅವರನ್ನು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಿರಗಾಂವ್‌ನಲ್ಲಿ ಪಗಡಿ ರೂಮು ಇದೆ. ಅದೂ ಮಾರಾಟವೇ?

ಪಗಡಿ ಎಂದರೆ ಬಾಡಿಗೆ ಹಕ್ಕಿಗಾಗಿ ಒಮ್ಮೆಲೇ ಕೊಡುವ ದೊಡ್ಡ ಮೊತ್ತ. ಅಲ್ಲಿ ವರ್ಗವಾಗುವುದು ಬಾಡಿಗೆದಾರರ ಹಕ್ಕು, ಮಾಲೀಕತ್ವವಲ್ಲ. ಪಗಡಿ ಪಡೆಯುವುದನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಒಪ್ಪಿದೆ. ಕಟ್ಟಡದ ಮಾಲೀಕರ ಒಪ್ಪಿಗೆ, ಅವರ ಪಾಲು, ಹೊಸಬರ ಹೆಸರಿಗೆ ಬಾಡಿಗೆ ರಸೀದಿ, ಈ ಮೂರೂ ಒಂದೇ ದಿನ ಆಗಬೇಕು. ಹಳೆಯ ರಸೀದಿಗಳ ಕಟ್ಟನ್ನು ಎಸೆಯಬೇಡಿ, ಅದೇ ನಿಮ್ಮ ಚೈನ್.

ಕೀಲಿಕೈ ಯಾವಾಗ ಕೊಡಬೇಕು, ಯಾವಾಗ ಪಡೆಯಬೇಕು?

ಕೊನೆಯ ಹಣ ಖಾತೆಗೆ ಬಿದ್ದದ್ದು ಖಚಿತವಾದ ಮೇಲೆ. ಆ ದಿನವೇ ಮೂಲ ಅಗ್ರಿಮೆಂಟುಗಳು, ಶೇರ್ ಸರ್ಟಿಫಿಕೇಟು, ವರ್ಗಾವಣೆ ಅರ್ಜಿಗೆ ಮಾರುವವರ ಸಹಿ ಎಲ್ಲ ಕೈಗೆ ಬರಬೇಕು. ವಿದ್ಯುತ್ ಮೀಟರಿನ ರೀಡಿಂಗ್ ಫೋಟೋ ತೆಗೆದುಕೊಳ್ಳಿ, ಮೇಂಟೆನೆನ್ಸ್ ಬಾಕಿ ಇಲ್ಲವೆಂದು ಸೊಸೈಟಿಯಿಂದ ಬರೆಸಿಕೊಳ್ಳಿ, ಪೈಪ್ ಗ್ಯಾಸ್ ಮತ್ತು ವಿದ್ಯುತ್ ಹೆಸರು ಬದಲಾವಣೆಗೆ ಇಂಡೆಕ್ಸ್ ಟು ನಕಲು ಇಟ್ಟುಕೊಳ್ಳಿ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿಡಿ.